ಮಾಂಟ್ಗೊಮೆರಿ ಬಸ್ ಬಹಿಷ್ಕಾರ: 381 ದಿನ ಆ ಜನ ಕೆಲಸಕ್ಕೆ ಹೇಗೆ ಹೋದರು?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಸಾಗರ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಅಮೆರಿಕದ ಕಪ್ಪು ಜನರ ಹೋರಾಟವನ್ನು ಹೇಳುವಾಗ ಪ್ರತಿ ವರ್ಷವೂ ರೋಸಾ ಪಾರ್ಕ್ಸ್ ಅವರಿಂದ ಶುರುಮಾಡುವುದು ನನ್ನ ರೂಢಿ. ದಿನವಿಡೀ ಹೊಲಿಗೆ ಕೆಲಸ ಮಾಡಿ ದಣಿದಿದ್ದ ಹೆಂಗಸೊಬ್ಬರು 1955ರ ಡಿಸೆಂಬರ್ 1ರ ಸಂಜೆ ಅಲಬಾಮಾ ರಾಜ್ಯದ ಮಾಂಟ್ಗೊಮೆರಿ ನಗರದಲ್ಲಿ ಬಿಳಿಯನೊಬ್ಬನಿಗೆ ಬಸ್ಸಿನ ಸೀಟು ಬಿಟ್ಟುಕೊಡಲಿಲ್ಲ, ಪೊಲೀಸರು ಹಿಡಿದುಕೊಂಡು ಹೋದರು, ಊರಿನ ಕಪ್ಪು ಜನರೆಲ್ಲ ಬಸ್ಸು ಹತ್ತುವುದನ್ನೇ ಬಿಟ್ಟರು, 381 ದಿನಗಳ ಮೇಲೆ ಗೆದ್ದರು ಎಂದು ಹೇಳಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಈ ಸಲ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಅಷ್ಟು ದಿನ ಅವರು ಕೆಲಸಕ್ಕೆ ಹೇಗೆ ಹೋದರು? ಯಾರೂ ಕೆಲಸದಿಂದ ತೆಗೆಯಲಿಲ್ಲವಾ?" ಎಂದು ಕೇಳಿದಳು. ಅವಳ ಹಳ್ಳಿಗೆ ಬೆಳಿಗ್ಗೆ ಬರುವುದು ಒಂದೇ ಬಸ್ಸು. ಅದು ಬಾರದ ದಿನ ಅವಳಿಗೆ ಶಾಲೆಯೂ ತಪ್ಪುತ್ತದೆ. ಹಾಗಾಗಿ ಅದು ಅವಳ ಅನುಭವದಿಂದಲೇ ಬಂದ ಪ್ರಶ್ನೆ. ನನ್ನ ಬಳಿ ಉತ್ತರವಿರಲಿಲ್ಲ. ಇಷ್ಟು ವರ್ಷ ಈ ಪಾಠ ಮಾಡಿಯೂ ಅದು ನನಗೆ ಹೊಳೆಯಲಿಲ್ಲವಲ್ಲ ಎಂದು ಬೇಸರವಾಯಿತು.

ಆ ಜನರ ದಿನನಿತ್ಯದ ಬದುಕು ಹೇಗೆ ನಡೆಯಿತು, ಏನು ಕಳೆದುಕೊಂಡರು, ಆಮೇಲೆ ಏನಾದರು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ನಿವೃತ್ತ ಇತಿಹಾಸ ಅಧ್ಯಾಪಕ, ಮೈಸೂರು

ಮೇಡಂ ಅವರೇ, ನಿಮ್ಮ ವಿದ್ಯಾರ್ಥಿನಿ ಕೇಳಿದ್ದೇ ಈ ಚಳವಳಿಯ ಮುಖ್ಯವಾದ ಪ್ರಶ್ನೆ. ಮಾಂಟ್ಗೊಮೆರಿಯ ಬಸ್ಸುಗಳಲ್ಲಿ ಓಡಾಡುತ್ತಿದ್ದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಕಪ್ಪು ಜನರೇ ಆಗಿದ್ದರು. ಅವರಲ್ಲಿ ಬಹಳಷ್ಟು ಮಂದಿ ಊರಿನ ಇನ್ನೊಂದು ತುದಿಯಲ್ಲಿದ್ದ ಬಿಳಿಯರ ಮನೆಗಳಲ್ಲಿ ಅಡುಗೆ ಮಾಡುವ, ಬಟ್ಟೆ ಒಗೆಯುವ, ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರು. ಬಸ್ಸಿನಲ್ಲಿ ಮುಂದಿನ ಹತ್ತು ಸೀಟುಗಳು ಬಿಳಿಯರಿಗೆ ಮೀಸಲು. ಅವು ಖಾಲಿಯಿದ್ದರೂ ಕಪ್ಪು ಜನ ನಿಂತೇ ಹೋಗಬೇಕಿತ್ತು. ಎಷ್ಟೋ ಸಲ ಮುಂದಿನ ಬಾಗಿಲಲ್ಲಿ ಡ್ರೈವರನ ಕೈಗೆ ಹತ್ತು ಸೆಂಟು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಗೆ ನಡೆದು ಹತ್ತಬೇಕಿತ್ತು. ಅಷ್ಟರೊಳಗೆ ಬಸ್ಸು ಹೊರಟುಬಿಟ್ಟರೆ ದುಡ್ಡೂ ಹೋಯಿತು, ಬಸ್ಸೂ ಹೋಯಿತು.

ಮೊದಲಿಗೆ ಒಂದು ತಿದ್ದುಪಡಿ. ಪಾರ್ಕ್ಸ್ ದಣಿದಿದ್ದರಿಂದ ಏಳಲಿಲ್ಲ ಎಂಬುದನ್ನು ಅವರೇ ಅಲ್ಲಗಳೆದಿದ್ದಾರೆ. ಬಗ್ಗಿ ಬಗ್ಗಿ ಸಾಕಾಗಿತ್ತು, ಅದೊಂದೇ ದಣಿವು ಎಂಬುದು ಅವರ ಮಾತಿನ ಅರ್ಥ. ಆಗ ಅವರಿಗೆ 42 ವರ್ಷ. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಘದ ಸ್ಥಳೀಯ ಶಾಖೆಯ ಕಾರ್ಯದರ್ಶಿಯಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದವರು; 1944ರಲ್ಲಿ ರೀಸಿ ಟೇಲರ್ ಎಂಬ ಕಪ್ಪು ಹೆಣ್ಣುಮಗಳ ಮೇಲೆ ಬಿಳಿಯರ ಗುಂಪು ಅತ್ಯಾಚಾರ ಮಾಡಿದಾಗ ಆ ಊರಿಗೇ ಹೋಗಿ ಹೇಳಿಕೆ ಬರೆದುಕೊಂಡು ಬಂದವರು. ದಣಿದ ದರ್ಜಿಯ ಕಥೆ ಅಷ್ಟು ವರ್ಷಗಳ ದುಡಿಮೆಯನ್ನು ಒಂದು ಸಂಜೆಯ ಕಾಲುನೋವಿಗೆ ಇಳಿಸಿಬಿಡುತ್ತದೆ. ದಯವಿಟ್ಟು ಅದನ್ನು ಕೈಬಿಡಿ.

ಬಹಿಷ್ಕಾರವೂ ತಾನಾಗಿಯೇ ಭುಗಿಲೆದ್ದದ್ದಲ್ಲ. ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕಿಯಾಗಿದ್ದ ಜೋ ಆ್ಯನ್ ರಾಬಿನ್ಸನ್, 1949ರಲ್ಲಿ ಹೆಚ್ಚುಕಡಿಮೆ ಖಾಲಿಯಿದ್ದ ಬಸ್ಸಿನಲ್ಲಿ ಮುಂದೆ ಕುಳಿತದ್ದಕ್ಕೆ ಡ್ರೈವರ್ ಹೊಡೆಯಲು ಬಂದವನಂತೆ ಎದ್ದು ಗದರಿದ್ದರಿಂದ ಅಳುತ್ತಾ ಇಳಿದುಹೋಗಿದ್ದರು. ಆಮೇಲೆ ಅವರು ಕಪ್ಪು ಮಹಿಳೆಯರ ರಾಜಕೀಯ ಮಂಡಳಿಯ ಅಧ್ಯಕ್ಷೆಯಾಗಿ, ಬಸ್ ಬಹಿಷ್ಕಾರದ ಸಾಧ್ಯತೆಯನ್ನು 1954ರ ಮೇ ತಿಂಗಳಿನಲ್ಲೇ ಮೇಯರಿಗೆ ಪತ್ರ ಬರೆದು ತಿಳಿಸಿದ್ದರು. ಪಾರ್ಕ್ಸ್ ಬಂಧನವಾದ ರಾತ್ರಿ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತವರು ಈಕೆ. ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳು ಜೊತೆಗಿದ್ದರು. ಕಾಗದ ಉಳಿಯಲೆಂದು ಒಂದು ಹಾಳೆಯಲ್ಲಿ ಮೂರು ಚೀಟಿ ಬರುವಂತೆ ಸ್ಟೆನ್ಸಿಲ್ ಕೊರೆದು, ಬೆಳಗಾಗುವುದರೊಳಗೆ ಹತ್ತಾರು ಸಾವಿರ ಚೀಟಿಗಳನ್ನು ಅಚ್ಚುಹಾಕಿ, ಕತ್ತರಿಸಿ, ಕಟ್ಟು ಕಟ್ಟಿ, ಬೆಳಗಿನ ತರಗತಿಗೆ ಪಾಠಕ್ಕೂ ಹೋದರು. ಸೋಮವಾರ ಬಸ್ಸು ಹತ್ತಬೇಡಿ ಎಂಬ ಆ ಚೀಟಿ ಶುಕ್ರವಾರ ಸಂಜೆಯ ವೇಳೆಗೆ ಶಾಲೆ, ಕ್ಷೌರದಂಗಡಿ, ಕಾರ್ಖಾನೆ, ಕಪ್ಪು ಜನರ ಮನೆಮನೆಗಳನ್ನು ಮುಟ್ಟಿತ್ತು.

ಈಗ ಕೆಲಸಕ್ಕೆ ಹೇಗೆ ಹೋದರು ಎಂಬುದಕ್ಕೆ ಬರುತ್ತೇನೆ. ಮೊದಮೊದಲು ಕಪ್ಪು ಜನರ ಟ್ಯಾಕ್ಸಿಗಳು ಬಸ್ಸಿನಷ್ಟೇ, ಅಂದರೆ ತಲೆಗೆ ಹತ್ತು ಸೆಂಟು ಪಡೆದು ಕರೆದೊಯ್ದವು. ಕನಿಷ್ಠ ಬಾಡಿಗೆ 45 ಸೆಂಟು ಎಂಬ ನಿಯಮವನ್ನು ಹೊರತೆಗೆದು ಪೊಲೀಸರು ಅದನ್ನು ನಿಲ್ಲಿಸಿದರು. ಅನಂತರ 1953ರಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ನಡೆದಿದ್ದ ಇಂಥದ್ದೇ ಬಹಿಷ್ಕಾರದ ಅನುಭವವನ್ನು ಕೇಳಿ ತಿಳಿದು, ಸ್ವಂತ ಕಾರಿದ್ದವರು ಸುಮಾರು 300 ಕಾರುಗಳನ್ನು ಒಟ್ಟು ಮಾಡಿದರು. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂಬುದಕ್ಕೆ ಊರಿನ ನಕ್ಷೆಯ ಮೇಲೆ ಗುರುತು ಹಾಕಿ ನಿಲ್ದಾಣಗಳನ್ನು ಮಾಡಿದರು. ಪಾರ್ಕ್ಸ್ ಅವರೇ ಕೆಲಕಾಲ ಯಾವ ಕಾರು ಎಲ್ಲಿಗೆ ಹೋಗಬೇಕೆಂದು ಕಳುಹಿಸುವ ಕೆಲಸ ಮಾಡಿದರು. ಕಾರು ಓಡಿಸುವವರಿಗೆ ಪೊಲೀಸರು ಸಣ್ಣಪುಟ್ಟ ಕಾರಣಕ್ಕೆಲ್ಲ ದಂಡ ಹಾಕತೊಡಗಿದರು. ಜನರನ್ನು ಕೂರಿಸಿಕೊಂಡು ಹೋಗುತ್ತಿದ್ದ ಬಹಿಷ್ಕಾರದ ಮುಂದಾಳು, ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗಂಟೆಗೆ 25 ಮೈಲಿಯ ರಸ್ತೆಯಲ್ಲಿ 30 ಮೈಲಿ ಓಡಿಸಿದರೆಂದು ಜೈಲಿಗೆ ಹಾಕಿದ್ದು ಹೀಗೆಯೇ. ಕಾರುಗಳ ವಿಮೆ ರದ್ದಾದಾಗ ಲಂಡನ್ನಿನ ಲಾಯ್ಡ್ಸ್‌ನಲ್ಲಿ ವಿಮೆ ಮಾಡಿಸಬೇಕಾಯಿತು.

ಕಾರು ಸಿಕ್ಕದವರು ನಡೆದರು. ಕೆಲವರು ದಿನಕ್ಕೆ ಹತ್ತು ಹನ್ನೆರಡು ಮೈಲಿಗಳನ್ನೂ ನಡೆದರು. ಇನ್ನೊಂದು ಸಂಗತಿಯನ್ನು ಆ ಹುಡುಗಿಗೆ ಹೇಳಿ: ಮನೆಗೆಲಸದವರು ಬಾರದಿದ್ದರೆ ತಮಗೇ ಕಷ್ಟವೆಂದು ಅನೇಕ ಬಿಳಿ ಗೃಹಿಣಿಯರು ತಾವೇ ಕಾರಿನಲ್ಲಿ ಹೋಗಿ ಅವರನ್ನು ಕರೆದುಕೊಂಡು ಬರುತ್ತಿದ್ದರು. ಹಾಗೆ ಮಾಡಬೇಡಿ ಎಂದು ಮೇಯರ್ ಬಹಿರಂಗವಾಗಿ ಕೇಳಿಕೊಂಡರೂ ಅವರು ಬಿಡಲಿಲ್ಲ.

ಉತ್ತರ: ಡೆಟ್ರಾಯಿಟ್ ಬಳಿ ನೆಲೆಸಿರುವ ಕನ್ನಡಿಗ

ಮೈಸೂರಿನ ಸರ್ ಬರೆದದ್ದಕ್ಕೆ, ಏನು ಕಳೆದುಕೊಂಡರು ಎಂಬ ಭಾಗವನ್ನು ಸೇರಿಸುತ್ತೇನೆ.

ಪಾರ್ಕ್ಸ್ ಕುಳಿತಿದ್ದ ಆ ಬಸ್ಸು ಈಗ ನಮ್ಮ ಪಕ್ಕದ ಡಿಯರ್‌ಬಾರ್ನ್‌ನಲ್ಲಿರುವ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಸಂಖ್ಯೆ 2857. ಎಷ್ಟೋ ವರ್ಷ ಅಲಬಾಮಾದ ಹೊಲವೊಂದರಲ್ಲಿ ಎಂಜಿನ್ ಕಳಚಿ, ಮರದ ತುಂಡು, ಸಲಕರಣೆ ತುಂಬಿಡುವ ಕೊಠಡಿಯಾಗಿ ತುಕ್ಕು ಹಿಡಿಯುತ್ತಾ ನಿಂತಿದ್ದ ಬಸ್ಸನ್ನು 2001ರ ಹರಾಜಿನಲ್ಲಿ 4,92,000 ಡಾಲರಿಗೆ ಕೊಂಡು ದುರಸ್ತಿ ಮಾಡಿದ್ದಾರೆ. ಒಳಗೆ ಹತ್ತಿ ಕೂರಬಹುದು. ಹಾಸನದಿಂದ ಬಂದಿದ್ದ ನನ್ನ ತಾಯಿಯನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಪಾರ್ಕ್ಸ್ ಕುಳಿತ ಸಾಲು ತೀರಾ ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ, ನಡುವೆ ಇದೆ. ಓಡಾಡುವ ದಾರಿಯ ಈ ಕಡೆ ಇಬ್ಬರು, ಆ ಕಡೆ ಇಬ್ಬರು, ಒಟ್ಟು ನಾಲ್ಕು ಮಂದಿ ಕಪ್ಪು ಜನ ಅಲ್ಲಿದ್ದರು. ನಿಂತಿದ್ದ ಬಿಳಿಯ ಒಬ್ಬನೇ. ಆದರೆ ಕಪ್ಪು ಜನ ಕುಳಿತ ಸಾಲಿನಲ್ಲಿ ಬಿಳಿಯ ಕೂರುವಂತಿರಲಿಲ್ಲವಾದ್ದರಿಂದ ಡ್ರೈವರ್ ನಾಲ್ವರನ್ನೂ ಏಳಲು ಹೇಳಿದ. ಮೂವರು ಎದ್ದರು. ಕಿಟಕಿಯ ಪಕ್ಕದಲ್ಲಿದ್ದ ಗಂಡಸು ಹೊರಬರಲೆಂದು ಪಾರ್ಕ್ಸ್ ಕಾಲು ಸರಿಸಿ ದಾರಿ ಮಾಡಿಕೊಟ್ಟು, ಆತ ಹೋದ ಮೇಲೆ ತಾವು ಕಿಟಕಿಯ ಕಡೆಗೆ ಜರುಗಿ ಕುಳಿತರು. ನನ್ನ ತಾಯಿ ಆ ಸೀಟಿನಲ್ಲಿ ಕುಳಿತು ಬಹಳ ಹೊತ್ತು ಮಾತಾಡಲಿಲ್ಲ; ಆಮೇಲೆ, "ಒಬ್ಬನಿಗೋಸ್ಕರ ನಾಲ್ಕು ಜನ ಏಳಬೇಕಿತ್ತಾ?" ಎಂದು ಮಾತ್ರ ಕೇಳಿದರು.

ನ್ಯಾಯಾಲಯ ಅವರಿಗೆ ವಿಧಿಸಿದ್ದು 10 ಡಾಲರ್ ದಂಡ, 4 ಡಾಲರ್ ಖರ್ಚು. ನಿಜವಾಗಿ ತೆತ್ತದ್ದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಒಂದೆರಡು ತಿಂಗಳೊಳಗೆ ಬಟ್ಟೆ ಅಂಗಡಿಯ ಕೆಲಸ ಹೋಯಿತು. ವಾಯುಪಡೆಯ ನೆಲೆಯಲ್ಲಿ ಕ್ಷೌರಿಕರಾಗಿದ್ದ ಪತಿ ರೇಮಂಡ್ ಕೂಡ ಕೆಲಸ ಬಿಡಬೇಕಾಯಿತು. ಕೊಲ್ಲುತ್ತೇವೆಂದು ಹಗಲೂ ರಾತ್ರಿಯೂ ಫೋನ್ ಬರುತ್ತಿತ್ತು. ಲೈನು ಖಾಲಿಯಿರದಂತೆ ನೋಡಿಕೊಳ್ಳಲೆಂದೇ ಅವರ ತಾಯಿ ಗೆಳತಿಯರೊಂದಿಗೆ ಗಂಟೆಗಟ್ಟಲೆ ಮಾತನಾಡುತ್ತಾ ಕೂರುತ್ತಿದ್ದರಂತೆ. ಗೆದ್ದ ಮೇಲೂ ಆ ಊರಿನಲ್ಲಿ ಯಾರೂ ಕೆಲಸ ಕೊಡಲಿಲ್ಲ. 1957ರಲ್ಲಿ ತಮ್ಮನಿದ್ದ ಡೆಟ್ರಾಯಿಟಿಗೆ ಬಂದರು. 1955ರಲ್ಲಿ 3,749 ಡಾಲರ್ ಇದ್ದ ಗಂಡಹೆಂಡಿರ ವಾರ್ಷಿಕ ವರಮಾನ 1959ರಲ್ಲಿ 661 ಡಾಲರಿಗೆ ಇಳಿದಿತ್ತು. ಹೊಟ್ಟೆಯ ಹುಣ್ಣಿಗೆ ಚಿಕಿತ್ಸೆ ಪಡೆಯಲೂ ಪರದಾಡಿದರು. 1965ರಲ್ಲಿ ಸಂಸದ ಜಾನ್ ಕಾನ್ಯರ್ಸ್ ಅವರ ಕಚೇರಿಯಲ್ಲಿ ಕೆಲಸ ಸಿಗುವವರೆಗೆ, ಅಂದರೆ ಸುಮಾರು ಹತ್ತು ವರ್ಷ, ಆ ಮನೆಗೆ ನೆಮ್ಮದಿಯಿರಲಿಲ್ಲ. ಆ ಹತ್ತು ವರ್ಷಗಳು ಮಕ್ಕಳ ಪಠ್ಯದಲ್ಲಿ ಎಲ್ಲಿಯೂ ಬರುವುದಿಲ್ಲ ಎಂಬುದು ನನಗೆ ಬಹಳ ನೋವಿನ ವಿಷಯ.

ಪ್ರತಿಕ್ರಿಯೆ: ಪ್ರೌಢಶಾಲಾ ಶಿಕ್ಷಕಿ, ಸಾಗರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟೆಲ್ಲ ಕಾರುಗಳ ಪೆಟ್ರೋಲಿಗೆ ಹಣ ಎಲ್ಲಿಂದ ಬಂತು? ಪಾರ್ಕ್ಸ್ ಅವರಿಗಿಂತ ಮೊದಲೇ ಒಬ್ಬ ಹುಡುಗಿ ಹೀಗೆಯೇ ಸೀಟು ಬಿಡಲು ನಿರಾಕರಿಸಿದ್ದಳೆಂದು ಎಲ್ಲೋ ಓದಿದ ನೆನಪು. ಅದು ನಿಜವಾದರೆ ನನ್ನ ವಿದ್ಯಾರ್ಥಿಗಳಿಗೆ ಅವಳ ಕಥೆಯೇ ಹೆಚ್ಚು ಹತ್ತಿರವಾದೀತು.

ಉತ್ತರ: ವಕೀಲ, ಧಾರವಾಡ

ನಿಜ. ಆಕೆಯ ಹೆಸರು ಕ್ಲಾಡೆಟ್ ಕಾಲ್ವಿನ್. 1955ರ ಮಾರ್ಚ್ 2ರಂದು, ಪಾರ್ಕ್ಸ್ ಬಂಧನಕ್ಕೆ ಒಂಬತ್ತು ತಿಂಗಳು ಮೊದಲು, ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದಾಗ ಆಕೆ ಸೀಟು ಬಿಡಲಿಲ್ಲ. ಆಗ 15 ವರ್ಷ. ಅದರ ಹಿಂದಿನ ವಾರಗಳಲ್ಲಿ ಶಾಲೆಯಲ್ಲಿ ಕಪ್ಪು ಜನರ ಇತಿಹಾಸದ ಪಾಠಗಳು ನಡೆದಿದ್ದವು. ಗುಲಾಮಗಿರಿಯ ವಿರುದ್ಧ ಹೋರಾಡಿದ ಹ್ಯಾರಿಯೆಟ್ ಟಬ್ಮನ್ ಒಂದು ಭುಜವನ್ನೂ ಸೋಜರ್ನರ್ ಟ್ರೂತ್ ಇನ್ನೊಂದು ಭುಜವನ್ನೂ ಹಿಡಿದು ಕೂರಿಸಿದಂತಾಯಿತು ಎಂದು ಆಕೆ ಮುಂದೆ ಹೇಳಿದ್ದಾರೆ. ಮೇಡಂ, ತರಗತಿಯ ಪಾಠ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಇಬ್ಬರು ಪೊಲೀಸರು ಆಕೆಯನ್ನು ಎಳೆದು ಇಳಿಸಿ, ಕೈಕೋಳ ತೊಡಿಸಿ, ದೊಡ್ಡವರ ಜೈಲಿಗೆ ಹಾಕಿದರು.

ಆಕೆಯನ್ನು ಮುಂದಿಟ್ಟುಕೊಂಡು ಚಳವಳಿ ಮಾಡಲು ಊರಿನ ಮುಖಂಡರು ಒಪ್ಪಲಿಲ್ಲ. ಗರ್ಭಿಣಿಯಾದದ್ದರಿಂದ ಕೈಬಿಟ್ಟರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಪೂರ್ತಿ ಸತ್ಯವಲ್ಲ. ಬಂಧನವಾದಾಗ ಆಕೆ ಗರ್ಭಿಣಿಯಾಗಿರಲಿಲ್ಲ, ಮಗು ಹುಟ್ಟಿದ್ದು ಮರುವರ್ಷ. ವಯಸ್ಸು ಚಿಕ್ಕದು, ಬಡವರ ಕೇರಿಯ ಹುಡುಗಿ, ಬಣ್ಣ ಹೆಚ್ಚು ಕಪ್ಪು, ಮಾತು ಒರಟು ಎಂಬ ಹಿಂಜರಿಕೆ ಮೊದಲೇ ಇತ್ತು. ಬಣ್ಣದ ತಾರತಮ್ಯದ ವಿರುದ್ಧ ಹೊರಟವರೊಳಗೂ ಬಣ್ಣದ ಲೆಕ್ಕ ಇತ್ತು ಎಂಬುದನ್ನು ಮುಚ್ಚಿಡಬಾರದು. ಆದರೆ ಪಾರ್ಕ್ಸ್ ಮಾತ್ರ ಆಕೆಯನ್ನು ಬಿಡಲಿಲ್ಲ. ಕೇಸಿನ ಖರ್ಚಿಗೆ ಹಣ ಕೂಡಿಸಿ, ತಾವು ನಡೆಸುತ್ತಿದ್ದ ಯುವಜನರ ಸಭೆಗೆ ಕರೆದು ಜೊತೆಗಿಟ್ಟುಕೊಂಡರು.

ಕಾನೂನಿನ ಕಡೆಯಿಂದ ಹೇಳಬೇಕಾದ ಇನ್ನೊಂದು ಮಾತಿದೆ. ಬಸ್ಸಿನ ಭೇದವನ್ನು ಕಿತ್ತುಹಾಕಿದ್ದು ಪಾರ್ಕ್ಸ್ ಅವರ ಕೇಸಲ್ಲ. ಅದು ರಾಜ್ಯದ ನ್ಯಾಯಾಲಯಗಳ ಮೇಲ್ಮನವಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಕ್ರಿಮಿನಲ್ ಪ್ರಕರಣವಾಗಿತ್ತು. ಹಾಗಾಗಿ 25 ವರ್ಷದ ವಕೀಲ ಫ್ರೆಡ್ ಗ್ರೇ 1956ರ ಫೆಬ್ರವರಿ 1ರಂದು ಫೆಡರಲ್ ನ್ಯಾಯಾಲಯದಲ್ಲಿ ಬೇರೆಯೇ ದಾವೆ ಹೂಡಿದರು. ಅದರಲ್ಲಿ ವಾದಿಗಳಾಗಿ ಕೊನೆಯವರೆಗೆ ನಿಂತವರು ಆರೀಲಿಯಾ ಬ್ರೌಡರ್, 70 ದಾಟಿದ್ದ ಸೂಸಿ ಮೆಕ್‌ಡೊನಾಲ್ಡ್, ಹದಿಹರೆಯದ ಮೇರಿ ಲೂಯಿಸ್ ಸ್ಮಿತ್ ಮತ್ತು ಇದೇ ಕಾಲ್ವಿನ್. ಐದನೆಯವರಾಗಿ ಸಹಿ ಹಾಕಿದ್ದ ಹೆಂಗಸು ಬೆದರಿಕೆ ತಾಳಲಾರದೆ ಹಿಂದೆ ಸರಿದರು. ಅವರನ್ನು ಹಳಿಯಲು ನನಗೆ ಮನಸ್ಸಾಗದು, ಏಕೆಂದರೆ ಆ ವಾರ ಕಿಂಗ್ ಮತ್ತು ಊರಿನ ಕಪ್ಪು ಜನರ ಇನ್ನೊಬ್ಬ ಮುಖಂಡ ಇ. ಡಿ. ನಿಕ್ಸನ್ ಇಬ್ಬರ ಮನೆಗಳಿಗೂ ಬಾಂಬು ಬಿದ್ದಿತ್ತು. ಮೇ ತಿಂಗಳ ವಿಚಾರಣೆಯಲ್ಲಿ ನಿಮ್ಮ ನಾಯಕರು ಯಾರು ಎಂದು ನಗರದ ಪರ ವಕೀಲರು ಪಾಟೀಸವಾಲು ಹಾಕಿದಾಗ, ನಮಗೆ ನಾಯಕರು ನಾವೇ ಎಂಬ ಅರ್ಥದ ಉತ್ತರ ಕೊಟ್ಟವರು 16 ವರ್ಷದ, ಕೈಗೂಸಿನ ತಾಯಿ ಕಾಲ್ವಿನ್. ಮುಖಂಡರು ಬೇಡವೆಂದ ಹುಡುಗಿಯ ಸಾಕ್ಷ್ಯದ ಮೇಲೆಯೇ ಆ ಕೇಸು ನಿಂತಿತು.

ಉತ್ತರ: ನಿವೃತ್ತ ಇತಿಹಾಸ ಅಧ್ಯಾಪಕ, ಮೈಸೂರು

ವಕೀಲರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಒಂದು ವಿಷಯದಲ್ಲಿ ಮಾತ್ರ ತುಸು ಭಿನ್ನಾಭಿಪ್ರಾಯವಿದೆ. ಸೋತರೆ ಊರಿನ ಸಾವಿರಾರು ಜನ ಕೆಲಸ ಕಳೆದುಕೊಳ್ಳುವ ಹೊತ್ತಿನಲ್ಲಿ, ಎದುರಾಳಿಗಳ ಪತ್ರಿಕೆಗಳು 15 ವರ್ಷದ ಹುಡುಗಿಯನ್ನು ಹರಿದು ತಿನ್ನುತ್ತವೆಂದು ನಿಕ್ಸನ್ ಅಂಥವರು ಹೆದರಿದ್ದರಲ್ಲಿ ಅವಳ ಬಗೆಗಿನ ಕಾಳಜಿಯೂ ಸ್ವಲ್ಪ ಇತ್ತೆಂದು ನನಗೆ ಅನ್ನಿಸುತ್ತದೆ. ಆದರೆ ಗೆದ್ದ ಮೇಲೂ ಅವಳನ್ನು ನೆನೆಯದೆ ಹೋದದ್ದಕ್ಕೆ ಆ ಸಮಾಧಾನ ಸಾಲದು. ಅಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು.

ಹಣದ ಪ್ರಶ್ನೆಗೆ ಉತ್ತರ ಜಾರ್ಜಿಯಾ ಗಿಲ್ಮೋರ್ ಅವರ ಅಡುಗೆಮನೆಯಲ್ಲಿದೆ. ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಈಕೆಯೂ ಮುಂದಿನ ಬಾಗಿಲಲ್ಲಿ ಚಿಲ್ಲರೆ ಕೊಟ್ಟು ಹಿಂದಿನ ಬಾಗಿಲಿಗೆ ಹೋಗುವುದರೊಳಗೆ ಬಸ್ಸು ಕಳೆದುಕೊಂಡವರು. ಬಹಿಷ್ಕಾರ ಶುರುವಾದ ಮೇಲೆ ಹೆಂಗಸರನ್ನು ಸೇರಿಸಿಕೊಂಡು ಕೋಳಿ ಕರಿದು, ಕೇಕು, ಸಿಹಿಗೆಣಸಿನ ಪೈ ಮಾಡಿ ಕ್ಷೌರದಂಗಡಿ, ಬ್ಯೂಟಿ ಪಾರ್ಲರು, ಮನೆಬಾಗಿಲುಗಳಲ್ಲಿ ಮಾರಿದರು. ಆ ಗುಂಪಿಗೆ ಇಟ್ಟ ಹೆಸರು 'ಕ್ಲಬ್ ಫ್ರಮ್ ನೋವೇರ್'. ಹಣ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ 'ಎಲ್ಲಿಂದಲೂ ಇಲ್ಲ' ಎಂದು ಸುಳ್ಳಾಡದೆ ಹೇಳಬಹುದಿತ್ತು. ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದ ಹೆಂಗಸರ ಹೆಸರು ಹೊರಬರುತ್ತಿರಲಿಲ್ಲ. ಬಿಳಿಯರೂ ಗೊತ್ತಿಲ್ಲದೆ ಕೊಂಡು ತಿಂದು ಚಳವಳಿಗೆ ಹಣ ಕೊಟ್ಟರು. ವಾರವಾರದ ಸಭೆಯಲ್ಲಿ ಗಿಲ್ಮೋರ್ ಎದ್ದು ಆ ವಾರದ ಮೊತ್ತವನ್ನು ಓದಿ ಹೇಳಿದಾಗ ಇಡೀ ಚರ್ಚು ಎದ್ದು ನಿಲ್ಲುತ್ತಿತ್ತಂತೆ.

1956ರ ಮಾರ್ಚಿನಲ್ಲಿ, ಬಹಿಷ್ಕಾರ ನಡೆಸಿದ್ದಕ್ಕಾಗಿ ಕಿಂಗ್ ಮೇಲೆ ನಡೆದ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ್ದಕ್ಕೆ ಅವರ ಹೋಟೆಲ್ ಕೆಲಸ ಹೋಯಿತು. ಕಿಂಗ್ ಪಾತ್ರೆಪಗಡಕ್ಕೆ ಹಣಕೊಟ್ಟು ಮನೆಯಲ್ಲೇ ಅಡುಗೆ ಮಾಡಿ ಬಡಿಸಲು ಒತ್ತಾಯಿಸಿದರು. ಮುಂದೆ ಚಳವಳಿಯ ಎಷ್ಟೋ ಮಾತುಕತೆಗಳು ನಡೆದದ್ದು ಅವರ ಊಟದ ಮೇಜಿನ ಸುತ್ತಲೇ. 1990ರಲ್ಲಿ, ಮತದಾನದ ಹಕ್ಕಿಗಾಗಿ ಸೆಲ್ಮಾ ಊರಿನಿಂದ ಮಾಂಟ್ಗೊಮೆರಿಗೆ ನಡೆದಿದ್ದ ನಡಿಗೆಯ 25ನೆಯ ವರ್ಷಾಚರಣೆಗೆ ಬರುವವರಿಗೆಂದು ಬೆಳಗಿನಿಂದ ಅಡುಗೆ ಮಾಡುತ್ತಿದ್ದಾಗಲೇ ಕಾಯಿಲೆ ಬಿದ್ದು ತೀರಿಕೊಂಡರು. ಅವರು ಕೊನೆಯದಾಗಿ ಮಾಡಿಟ್ಟಿದ್ದ ಕೋಳಿಯನ್ನು ಅವರ ಸಾವಿಗೆ ಬಂದವರೇ ಉಂಡರು.

ಉತ್ತರ: ಗ್ರಂಥಪಾಲಕಿ, ಮಂಗಳೂರು

ನನ್ನದೇ ಕಸುಬಿನವರೊಬ್ಬರ ಹೆಸರನ್ನು ಇಲ್ಲಿ ಸೇರಿಸಬೇಕೆನ್ನಿಸಿತು. ಜೂಲಿಯೆಟ್ ಮಾರ್ಗನ್ ಮಾಂಟ್ಗೊಮೆರಿಯ ಸಾರ್ವಜನಿಕ ಗ್ರಂಥಾಲಯದ ಬಿಳಿಯ ಉದ್ಯೋಗಿ, ಪ್ರತಿಷ್ಠಿತ ಮನೆತನದವರು. ಆತಂಕದ ಕಾಯಿಲೆಯಿಂದಾಗಿ ಕಾರು ಓಡಿಸಲಾಗದೆ ಬಸ್ಸಿನಲ್ಲೇ ಓಡಾಡುತ್ತಿದ್ದರಿಂದ, ಕಪ್ಪು ಹೆಂಗಸರನ್ನು ಡ್ರೈವರುಗಳು ನಡೆಸಿಕೊಳ್ಳುವ ರೀತಿಯನ್ನು ದಿನವೂ ಕಾಣುತ್ತಿದ್ದರು. ಒಮ್ಮೆ ದುಡ್ಡು ತೆಗೆದುಕೊಂಡು ಹೆಂಗಸೊಬ್ಬರನ್ನು ಬಿಟ್ಟು ಬಸ್ಸು ಹೊರಟಾಗ, ಎದ್ದು ತುರ್ತು ಹಗ್ಗವನ್ನು ಜಗ್ಗಿ ಬಸ್ಸು ನಿಲ್ಲಿಸಿದ್ದರು. ಬಹಿಷ್ಕಾರ ಶುರುವಾಗಿ ಒಂದು ವಾರಕ್ಕೆ, 1955ರ ಡಿಸೆಂಬರ್ 12ರಂದು, ಊರಿನ ಪತ್ರಿಕೆಯಲ್ಲಿ ಅವರ ಪತ್ರ ಅಚ್ಚಾಯಿತು. ಈ ಜನರ ನಡಿಗೆ ಗಾಂಧಿಯವರ ಉಪ್ಪಿನ ಸತ್ಯಾಗ್ರಹವನ್ನು ನೆನಪಿಸುತ್ತದೆ ಎಂದು ಅವರು ಬರೆದಿದ್ದರು. ಚಳವಳಿಗೂ ಗಾಂಧಿಗೂ ನಂಟನ್ನು ಮೊದಲು ಕಂಡವರು ಈಕೆಯೆಂದು ಕಿಂಗ್ ಅವರೇ ನೆನೆದಿದ್ದಾರೆ.

ಆ ಪತ್ರಕ್ಕೆ ಅವರು ತೆತ್ತ ಬೆಲೆ ದೊಡ್ಡದು. ಮನೆಗೆ ಕಲ್ಲು ಬಿತ್ತು, ರಾತ್ರಿಯೆಲ್ಲ ಬೈಗುಳದ ಫೋನು ಬಂತು, ಹಳೆಯ ಸ್ನೇಹಿತರು ದೂರವಾದರು. ಕೆಲಸದಿಂದ ತೆಗೆಯುವಂತೆ ಮೇಯರ್ ಒತ್ತಡ ಹೇರಿದಾಗ ಗ್ರಂಥಾಲಯದವರು ತೆಗೆಯಲಿಲ್ಲ. 1957ರ ಜುಲೈನಲ್ಲಿ ವರ್ಣದ್ವೇಷಿಗಳು ಬೆದರಿಕೆಯ ಗುರುತಾಗಿ ಅವರ ಮನೆಯಂಗಳದಲ್ಲಿ ಶಿಲುಬೆಯನ್ನು ಸುಟ್ಟರು. ಅವರು ರಾಜೀನಾಮೆ ಕೊಟ್ಟರು, ಪ್ರಾಣವನ್ನೂ ತಾವೇ ಕಳೆದುಕೊಂಡರು. ವಯಸ್ಸು 43. ಅವರು ದುಡಿದ ಊರಿನ ಮುಖ್ಯ ಗ್ರಂಥಾಲಯಕ್ಕೆ 2005ರಲ್ಲಿ ಅವರ ಹೆಸರಿಟ್ಟಿದ್ದಾರೆ. ಸಹಾನುಭೂತಿ ತೋರಿದ ಬಿಳಿಯರನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಕಪ್ಪು ಜನರ ಜೊತೆಗೆ ಸಾವಿರಾರು ಮಂದಿಯಿದ್ದರು, ಹಾಡಿತ್ತು, ವಾರವಾರದ ಸಭೆಯಿತ್ತು. ಈಕೆಯ ಜೊತೆಗೆ ಬಹಳ ಕಡಿಮೆ ಜನವಿದ್ದರು.

ಪ್ರತಿಕ್ರಿಯೆ: ಪ್ರೌಢಶಾಲಾ ಶಿಕ್ಷಕಿ, ಸಾಗರ

ನಿಮ್ಮೆಲ್ಲರ ಬರಹಗಳನ್ನು ಓದಿ ಪಾಠದ ಟಿಪ್ಪಣಿಯನ್ನು ಹೊಸದಾಗಿ ಬರೆಯುತ್ತಿದ್ದೇನೆ. ಪಾರ್ಕ್ಸ್ ಅವರಿಂದಲ್ಲ, ಶಾಲೆಯಿಂದ ಮನೆಗೆ ಹೊರಟ ಕಾಲ್ವಿನ್ ಅವರಿಂದ ಶುರುಮಾಡುತ್ತೇನೆ. ಕೊನೆಯ ಪ್ರಶ್ನೆ: ಎಲ್ಲರೂ ಮತ್ತೆ ಬಸ್ಸು ಹತ್ತಿದ 1956ರ ಡಿಸೆಂಬರ್ 21ಕ್ಕೆ ಪಾಠವನ್ನು ಮುಗಿಸಬಹುದೇ?

ಉತ್ತರ: ವಕೀಲ, ಧಾರವಾಡ

ಮುಗಿಸಬೇಡಿ ಎಂದು ನನ್ನ ವಿನಂತಿ. ಆ ದಿನಕ್ಕಿಂತ ಹಿಂದಿನ ಐದು ವಾರಗಳನ್ನೂ ಹೇಳಿ. ನವೆಂಬರ್ 13ರಂದು ಕಾರುಗಳ ವ್ಯವಸ್ಥೆಯ ಮೇಲೆ ತಡೆಯಾಜ್ಞೆ ಕೋರಿದ್ದ ನಗರದ ಅರ್ಜಿಯ ವಿಚಾರಣೆಯಲ್ಲಿ ಕಿಂಗ್ ಕುಳಿತಿದ್ದಾಗಲೇ, ಫ್ರೆಡ್ ಗ್ರೇ ಹೂಡಿದ್ದ ದಾವೆಯಲ್ಲಿ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು ತಮ್ಮ ಪರವಾಗಿ ತೀರ್ಪು ಕೊಟ್ಟಿದೆಯೆಂಬ ಸುದ್ದಿ ಬಂತು. ಆದರೆ ನಗರಕ್ಕೆ ತಡೆಯಾಜ್ಞೆಯೂ ಸಿಕ್ಕಿತು. ತೀರ್ಪಿನ ಪ್ರತಿ ಮಾಂಟ್ಗೊಮೆರಿಗೆ ಬಂದು ಮುಟ್ಟಿದ್ದು ಡಿಸೆಂಬರ್ 20ಕ್ಕೆ. ಅಲ್ಲಿಯವರೆಗೆ, ಗೆದ್ದೆವೆಂದು ಗೊತ್ತಿದ್ದೂ, ಕಾರಿಲ್ಲದೆ, ಜನ ನಡೆದರು.

ಬಸ್ಸು ಹತ್ತಿದ ಮೇಲೂ ನಿಲ್ಲಲಿಲ್ಲ. ಒಂದು ವಾರದೊಳಗೆ ಬಸ್ಸುಗಳ ಮೇಲೆ ಗುಂಡು ಹಾರಿತು. ರೋಸಾ ಜೋರ್ಡನ್ ಎಂಬ ಗರ್ಭಿಣಿಗೆ ಎರಡೂ ಕಾಲುಗಳಿಗೆ ಗುಂಡು ತಗುಲಿತು. ಜನವರಿ 10ರ ರಾತ್ರಿ ಚರ್ಚುಗಳಿಗೂ ಪಾದ್ರಿಗಳ ಮನೆಗಳಿಗೂ ಬಾಂಬು ಹಾಕಿದರು. ಅದೇ ತಿಂಗಳು 24 ವರ್ಷದ ಲಾರಿ ಚಾಲಕ ವಿಲಿ ಎಡ್ವರ್ಡ್ಸ್ ಅವರನ್ನು ಬಿಳಿಯರು ಅಡ್ಡಗಟ್ಟಿ, ಬೆದರಿಸಿ, ಸೇತುವೆಯಿಂದ ನದಿಗೆ ಹಾರುವಂತೆ ಮಾಡಿ ಕೊಂದರು, ಯಾರಿಗೂ ಶಿಕ್ಷೆಯಾಗಲಿಲ್ಲ.

ಕಾಲ್ವಿನ್ ಅವರಿಗೂ ಆ ಊರಿನಲ್ಲಿ ಕೆಲಸ ಸಿಗಲಿಲ್ಲ. 1958ರಲ್ಲಿ ನ್ಯೂಯಾರ್ಕಿಗೆ ಹೋಗಿ, ವೃದ್ಧರ ಆರೈಕೆಯ ಮನೆಯೊಂದರಲ್ಲಿ ದಾದಿಯರ ಸಹಾಯಕಿಯಾಗಿ, ಬಹುಕಾಲ ರಾತ್ರಿ ಪಾಳಿಯಲ್ಲಿ ದುಡಿದು 2004ರಲ್ಲಿ ನಿವೃತ್ತರಾದರು. 15 ವರ್ಷದ ಹುಡುಗಿಯಾಗಿದ್ದಾಗ ಪೊಲೀಸರ ಮೇಲೆ ಕೈಮಾಡಿದಳೆಂದು ಬಾಲನ್ಯಾಯಾಲಯ ಬರೆದಿಟ್ಟಿದ್ದ ದಾಖಲೆ ಅಷ್ಟೂ ವರ್ಷ ಹಾಗೆಯೇ ಇತ್ತು. ಅದನ್ನು ಅಳಿಸಿಹಾಕುವಂತೆ ಅವರೇ ಮಾಂಟ್ಗೊಮೆರಿಗೆ ಹೋಗಿ ಅರ್ಜಿ ಕೊಟ್ಟರು. 2021ರ ಕೊನೆಯಲ್ಲಿ ನ್ಯಾಯಾಧೀಶರು ಅದನ್ನು ಅಳಿಸಲು ಆದೇಶಿಸಿದರು. ಆಗ ಅವರಿಗೆ 82 ವರ್ಷ.